ರೊಪ್ಪದವರ ಕಂಬಳಿ

ತೊರೆಹಟ್ಟಿ, ಹೊಸದುರ್ಗ ತಾಲ್ಲೂಕು
೧೭ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ತಮ್ಮ ಸಮಾಧಾನನಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯಪ್ಪ? ನಿನ್ನ ಸೊಂಟನೋವು ಕಡಿಮೆಯಾಯಿತಾ? ಹಿರಿಯೂರಿನ ಆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆತನಕ ಕುಕ್ಕರುಗಾಲಲ್ಲಿ ಕೂತು ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತಿದರೆ ಸೊಂಟ ಇನ್ನೇನು ಮಾಡೀತು? ಒಂದು ಸ್ಟೂಲು ತಂದಿಟ್ಟುಕೋ ಎಂದು ಹೋದ ಸಲವೇ ಹೇಳಿದ್ದೆ. ತಂದಿರುವುದಿಲ್ಲ, ನನಗೆ ಗೊತ್ತು. ಸುಚಿತ್ರಾ ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುತ್ತಿದ್ದಾಳೆ ತಾನೇ? ಕಾಫಿ ಕುಡಿದ ಮೇಲೆ ಅಯ್ಯೋ ಮರೆತೆ ಎನ್ನುವ ನಿನ್ನ ಹೆಂಡತಿಗೆ ನೀನೇ ನೆನಪು ಮಾಡಬೇಕು. ನನ್ನ ಮಂಡಿಗಳು ಮೆಟ್ಟಿಲು ಇಳಿಯುವಾಗ ನೋಯುತ್ತವೆ, ಹತ್ತುವಾಗ ಸುಮ್ಮನಿರುತ್ತವೆ. ಉಳಿದಂತೆ ಚೆನ್ನಾಗಿದ್ದೇನೆ. ಈ ಸಲ ರಾಗಿ ತೆನೆ ತುಂಬಿಕೊಂಡಿದೆ, ಊರಿನವರೆಲ್ಲ ಹೊಲದಲ್ಲೇ ಇದ್ದಾರೆ.

ಕೈಯಲ್ಲಿ ಫೋನ್ ಇಟ್ಟುಕೊಂಡು ಈ ಮುದುಕಿ ಪತ್ರ ಯಾಕೆ ಬರೆಯುತ್ತಾಳೆ ಎಂದು ನಗಬೇಡ. ಫೋನಿನಲ್ಲಿ ನೀನು ‘ಪ್ರೈಸ್ ದ ಲಾರ್ಡ್ ಅಕ್ಕಾ’ ಎಂದು ಶುರು ಮಾಡುತ್ತೀ, ನಾನು ‘ಊಟ ಆಯ್ತಾ’ ಎನ್ನುತ್ತೇನೆ, ಅಲ್ಲಿಂದ ಮುಂದೆ ಚರ್ಚಿನ ಮಾತು ಬಂದರೆ ಜಗಳ. ಆಮೇಲೆ ಯಾರು ಮೊದಲು ಫೋನ್ ಇಟ್ಟರು ಎಂಬುದೇ ಇನ್ನೊಂದು ಜಗಳ. ಪತ್ರವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹುಟ್ಟಿದಾಗಿನಿಂದ ನಿನಗಿರುವ ಕುತೂಹಲ ನಾನು ಬಲ್ಲೆ. ಓದಿಯೇ ಹರಿಯುತ್ತೀ. ಅಷ್ಟು ಸಾಕು ನನಗೆ.

ನಮ್ಮ ಚರ್ಚಿಗೆ ಹೊಸ ಅಯ್ಯನವರು ಬಂದಿದ್ದಾರೆ. ಹೊಸದುರ್ಗದಲ್ಲಿ ಮನೆ, ತಿಂಗಳಿಗೊಂದು ಭಾನುವಾರ ಬೈಕಿನಲ್ಲಿ ಇಲ್ಲಿಗೆ ಬರುತ್ತಾರೆ. ಕರಾವಳಿ ಕಡೆಯವರು, ಪುಸ್ತಕ ಓದಿದ ಹಾಗೆ ಮಾತಾಡುತ್ತಾರೆ. ಒಳ್ಳೆಯ ಹುಡುಗ, ಹೆಲ್ಮೆಟ್ ತೆಗೆದ ಮೇಲೆ ಕೂದಲೆಲ್ಲ ನೆಟ್ಟಗೆ ನಿಂತಿತ್ತು, ಹಾಗೇ ಬೈಬಲ್ ಪ್ರಸಂಗ ಮಾಡಿದರು. ಸುತ್ತಲಿನ ಹಳೆಯ ಹಳ್ಳಿ ಚರ್ಚುಗಳದ್ದೆಲ್ಲ ಸೇರಿಸಿ ಒಂದು ಪುಸ್ತಕ ಬರುತ್ತದಂತೆ. ‘ಟೀಚರಮ್ಮ, ತೊರೆಹಟ್ಟಿ ದೇವಾಲಯದ ಇತಿಹಾಸವನ್ನು ನೀವೇ ಬರೆದುಕೊಡಬೇಕು, ಒಂದು ಪುಟ ಸಾಕು’ ಎಂದರು. ಕಟ್ಟಿದ ವರ್ಷ ಯಾವುದು, ಕಟ್ಟಿಸಿದ ಮಿಷನ್ ದೊರೆ ಯಾರು, ಯಾರ ಕಾಲದಲ್ಲಿ ಹೆಂಚು ಹೊದಿಸಿದ್ದು, ಇವು ಬೇಕಂತೆ. ಊರಿನ ಮಕ್ಕಳಿಗೆಲ್ಲ ಪ್ರಬಂಧ ಬರೆಸಿ ಬರೆಸಿ ನಿವೃತ್ತಳಾದವಳು ನಾನು, ನನ್ನ ಕೈಯಲ್ಲಿ ಒಂದು ಪುಟ ಆಗುತ್ತಿಲ್ಲ. ದೊರೆಗಳ ಹೆಸರು ನನಗೆ ನೆನಪಿಲ್ಲ ಸಮಾಧಾನಾ. ಕಂಬಳಿಗಳು ನೆನಪಿವೆ.

ಅಪ್ಪ ಹೇಳುತ್ತಿದ್ದದ್ದನ್ನು ನೀನು ಮರೆತಿರಲಾರೆ. ದೊಡ್ಡ ಬರ ಮುಗಿದ ಕಾಲ. ನಮ್ಮ ಮುತ್ತಜ್ಜ ಮಾರಪ್ಪ ಮತ್ತೆ ಒಂದಷ್ಟು ಮನೆಯವರು ಹೊಸ ಮತಕ್ಕೆ ಸೇರಿ, ಸಭೆ ಕೂಡಲು ಜಾಗವಿಲ್ಲದೆ ಊರ ಹೊರಗೆ ಹುಣಸೆಮರದ ಕೆಳಗೆ ಕೂರುತ್ತಿದ್ದರು. ಮಿಷನ್ನಿನ ಬಿಳಿ ದೊರೆ ಚಿತ್ರದುರ್ಗದಿಂದ ಕುದುರೆಯ ಮೇಲೆ ಬಂದ ದಿನ ಮಳೆ ಹಿಡಿಯಿತು. ಊರಿನಲ್ಲಿ ಯಾರ ಜಗಲಿಯೂ ಇವರಿಗೆ ಸಿಗಲಿಲ್ಲ. ಆಗ ಕುರಿ ಕಾಯುವ ಅಜ್ಜಪ್ಪ ಸೋಗೆ ಹೊದಿಸಿದ ತನ್ನ ಕುರಿರೊಪ್ಪದ ಮುಳ್ಳುಬೇಲಿ ಸರಿಸಿ, ಕುರಿಗಳನ್ನೆಲ್ಲ ಮಳೆಗೆ ಹೊರಗಟ್ಟಿ, ‘ಒಳಗ್ ಬರ್ರಿ, ಕುಂತ್ಕಳ್ರಿ’ ಎಂದನಂತೆ. ನೆಲದ ತುಂಬ ಹಿಕ್ಕೆ. ತನ್ನ ಹೆಗಲಿನ ಕಂಬಳಿ ತೆಗೆದು ಅದರ ಮೇಲೆ ಹಾಸಿದ. ದೊರೆ ಅದರ ಮೇಲೆ ಬೂಟುಗಾಲು ಇಡಲಾರದೆ ಬೂಟು ಬಿಚ್ಚಿ, ತಾನೂ ಕೂರದೆ, ತನ್ನ ಪುಸ್ತಕವನ್ನು ಅದರ ಮೇಲಿಟ್ಟನಂತೆ. ತೊರೆಹಟ್ಟಿಯ ಮೊದಲ ಆರಾಧನೆ ನಡೆದದ್ದು ಹಾಗೆ, ಹೊರಗೆ ಕುರಿಗಳು ನೆನೆಯುತ್ತಾ ಅರಚುತ್ತಿದ್ದವು. ಆಮೇಲೆ ಅಜ್ಜಪ್ಪ ಆ ಜಾಗವನ್ನೇ ಬಿಟ್ಟುಕೊಟ್ಟು ತನ್ನ ರೊಪ್ಪವನ್ನು ದಿಣ್ಣೆಯ ಮೇಲೆ ಕಟ್ಟಿಕೊಂಡ. ಕುರಿ ನಿಲ್ಲಿಸುವ ಜಾಗದಲ್ಲಿ ಚರ್ಚು ಎದ್ದಿತು. ಈಗಲೂ ಜೋರು ಮಳೆ ಬಂದರೆ ನೆಲದ ಕಲ್ಲುಸಂದಿಯಿಂದ ಕುರಿಯ ವಾಸನೆ ಏಳುತ್ತದೆ. ‘ಧೂಪ ಹಾಕೋರು ಹಾಕ್ಕೊಳ್ಳಲಿ, ನಮಗೆ ಇದೇ ಧೂಪ’ ಎಂದು ಅಪ್ಪ ನಗುತ್ತಿದ್ದರು.

ಅಂದಿನಿಂದ ನಮ್ಮದು ಕಂಬಳಿಯ ಸಭೆ. ಬೇರೆ ಊರುಗಳಲ್ಲಿ ಬೆಂಚು ಬಂದವು, ಪ್ಲಾಸ್ಟಿಕ್ ಕುರ್ಚಿ ಬಂದವು, ನಾವು ಮಾತ್ರ ಮನೆಗೊಂದು ಕಂಬಳಿ ಹಾಸಿ ನೆಲದ ಮೇಲೆ ಕೂರುವವರು. ಎಲ್ಲರಿಗಿಂತ ಮುಂದೆ ಒಂದು ಕಂಬಳಿ, ಅದರ ಮೇಲೆ ಯಾರೂ ಕೂರುವಂತಿಲ್ಲ. ಅದು ರೊಪ್ಪದವರ ಕಂಬಳಿ. ಅದು ಸವೆದಾಗ ಅಜ್ಜಪ್ಪನ ವಂಶದವರು ಸುಗ್ಗಿ ಸ್ತೋತ್ರದ ಹಬ್ಬಕ್ಕೆ ಹೊಸದು ತಂದು ಬಾಗಿಲಲ್ಲಿ ಕೊಡುತ್ತಾರೆ, ನಮ್ಮ ಹಬ್ಬದ ಮೊದಲ ರಾಗಿ ಬುಟ್ಟಿ ಅವರ ಮನೆಗೆ ಹೋಗುತ್ತದೆ. ಅವರು ತಮ್ಮ ದೇವರನ್ನು ಬಿಡಲಿಲ್ಲ, ನಾವೂ ಬಿಡಿ ಎನ್ನಲಿಲ್ಲ. ನೀನು ಮಗುವಾಗಿದ್ದಾಗ ಒಮ್ಮೆ ಅದರ ಮೇಲೆ ಉಚ್ಚೆ ಹೊಯ್ದಿದ್ದೆ, ಅಮ್ಮ ಅಂಟುವಾಳಕಾಯಿ ನೊರೆಯಲ್ಲಿ ತೊಳೆದು ಒಣಗಿಸಿದ್ದಳು. ಇದನ್ನೆಲ್ಲ ಆ ಒಂದು ಪುಟದಲ್ಲಿ ಎಲ್ಲಿ ಸೇರಿಸಲಿ?

ಮುಂದಿನ ಇತಿಹಾಸ ಬರೆಯಲು ಇನ್ನೂ ಕಷ್ಟ. ಒಂದೊಂದೇ ಮನೆ ದಾವಣಗೆರೆಗೆ, ಭದ್ರಾವತಿಗೆ, ತುಮಕೂರಿಗೆ ಹೋಯಿತು. ಹೋಗುವಾಗ ಎಲ್ಲರೂ ತಮ್ಮ ಕಂಬಳಿ ಇಲ್ಲೇ ಬಿಟ್ಟರು, ಹಬ್ಬಕ್ಕೆ ಬರುತ್ತೇವೆ ಎಂದರು. ನಾನು ಈಗಲೂ ಪ್ರತಿ ಶನಿವಾರ ಎಲ್ಲವನ್ನೂ ಕೊಡವಿ, ಅವರವರ ಜಾಗದಲ್ಲಿ ಹಾಸುತ್ತೇನೆ. ಹುಚ್ಚು ಅನ್ನು. ಬರಿಯ ನೆಲ ನೋಡುವುದಕ್ಕಿಂತ ಅದು ವಾಸಿ. ಆಮೇಲೆ ನೀನು ಹೋದೆ. ನೀನು ದೂರಕ್ಕೇನೂ ಹೋಗಲಿಲ್ಲ, ಹಿರಿಯೂರು ಬಸ್ಸಿನಲ್ಲಿ ಒಂದು ನಿದ್ದೆಯ ದಾರಿ. ಆದರೆ ಸುಚಿತ್ರಾಳ ಕಡೆಯವರ ಪ್ರಾರ್ಥನಾ ಮಂದಿರ ಸೇರಿ, ಮಾರಿಕಣಿವೆ ಹಿನ್ನೀರಿನಲ್ಲಿ ಮುಳುಗಿ ಎರಡನೇ ಸಲ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದು, ‘ಮಗೂಗೆ ಚಿಮುಕಿಸಿದ ನೀರು ಲೆಕ್ಕಕ್ಕಿಲ್ಲ ಅಕ್ಕಾ, ಅದು ಸತ್ತ ಸಭೆ, ಅಲ್ಲೇನೈತೆ?’ ಎಂದೆಯಲ್ಲ, ಆ ದೂರಕ್ಕೆ ಯಾವ ಬಸ್ಸೂ ಇಲ್ಲ. ಆ ನೀರನ್ನು ನಿನ್ನ ಹಣೆಗೆ ಹಾಕುವಾಗ ನಿನ್ನನ್ನು ಎತ್ತಿಕೊಂಡಿದ್ದವಳು ನಾನು. ನೀನು ಎಷ್ಟು ಜೋರಾಗಿ ಅತ್ತೆ ಎಂದರೆ ಅಪ್ಪನ ಪ್ರಾರ್ಥನೆ ಯಾರಿಗೂ ಕೇಳಿಸಲಿಲ್ಲ. ಈ ವರ್ಷ ಈಸ್ಟರ್ ಆದ ಮೇಲೆ, ಸಭೆಯಲ್ಲಿ ನನ್ನ ಜೊತೆ ಉಳಿದಿದ್ದ ಜ್ಞಾನಮ್ಮತ್ತೆ ತೀರಿಕೊಂಡಾಗ ಮಣ್ಣಿಗೆ ಬಂದವನು ಚರ್ಚಿನ ಹೊಸಿಲು ದಾಟದೆ ಬೇವಿನ ಮರದ ಕೆಳಗೇ ನಿಂತಿದ್ದೆ. ಒಳಗಿನಿಂದ ನಿನ್ನ ಚಪ್ಪಲಿ ಕಾಣುತ್ತಿತ್ತು.

ಜ್ಞಾನಮ್ಮತ್ತೆಯ ನಂತರ ಸಭೆ ಎಂದರೆ ನಾನೊಬ್ಬಳೇ. ಹಿಂದಿನ ಅಯ್ಯನವರು ಹೋಗುವ ಮುನ್ನ ಸಂಕಟದಿಂದಲೇ ಹೇಳಿದರು, ‘ಒಬ್ಬರಿಗಾಗಿ ರೊಟ್ಟಿ ಮುರಿದು ಕರ್ತನ ಭೋಜನ ನಡೆಸುವ ಪದ್ಧತಿ ನಮ್ಮಲ್ಲಿಲ್ಲಮ್ಮ, ಇಬ್ಬರಾದರೂ ಬೇಕು.’ ಹಾಗಾಗಿ ಈಸ್ಟರ್‌ನಿಂದ ಆ ರೊಟ್ಟಿ ನನ್ನ ಬಾಯಿಗೆ ಬಿದ್ದಿರಲಿಲ್ಲ. ಅಯ್ಯನವರು ಬಾರದ ಭಾನುವಾರಗಳಲ್ಲಿ ನಾನೇ ಬಾಗಿಲು ತೆಗೆದು, ಗಂಟೆ ಹೊಡೆದು, ಒಳಗೆ ಬಂದು ಕೂರುತ್ತಿದ್ದೆ. ಗಂಟೆ ಹೊಡೆದವಳೂ ನಾನೇ, ಕೇಳಿ ಬಂದವಳೂ ನಾನೇ. ಕೀರ್ತನೆ ಓದುವಾಗ ಬಹಳ ಕಷ್ಟವಾಗುತ್ತಿತ್ತು. ಅಪ್ಪ ನಮಗೆ ಹೇಗೆ ಕಲಿಸಿದ್ದರು ನೆನಪಿದೆಯಾ? ಮೊದಲ ಸಾಲು ಹೆಣ್ಣುಮಕ್ಕಳದು, ಎರಡನೇ ಸಾಲು ಗಂಡುಮಕ್ಕಳದು. ನಾನು ಒಂದು ಹೇಳಿದರೆ ನೀನು ಮುಂದಿನದು. ಬೆಳೆದು ದೊಡ್ಡವರಾದರೂ ನನಗೆ ಬಾಯಿಪಾಠ ಬರುವುದು ಮೊದಲ ಸಾಲುಗಳು ಮಾತ್ರ, ನಿನಗೆ ಎರಡನೆಯವು ಮಾತ್ರ. ಪೂರ್ತಿ ಕೀರ್ತನೆ ಒಪ್ಪಿಸು ಎಂದರೆ ಇಬ್ಬರೂ ಕಣ್ಣು ಕಣ್ಣು ಬಿಡುತ್ತಿದ್ದೆವು. ಈಗ ನಾನು ಒಂದು ಸಾಲು ಹೇಳಿ, ಸ್ವಲ್ಪ ಹೊತ್ತು ಬಿಟ್ಟು, ಮುಂದಿನದನ್ನು ಕನ್ನಡಕ ಹಾಕಿಕೊಂಡು ಓದಿಕೊಳ್ಳುತ್ತೇನೆ. ಆ ಬಿಟ್ಟ ಹೊತ್ತು ಇದೆಯಲ್ಲ, ಅದು ಬಹಳ ಉದ್ದ. ಒಂಟಿ ಇರುವುದು ನನಗೆ ಹೊಸತಲ್ಲ, ಮದುವೆಯಿಲ್ಲದೆ ಇಷ್ಟು ವರ್ಷ ಬದುಕಿದವಳು. ಆದರೆ ಅಲ್ಲಿ ಕೂತಾಗ ನನಗೆ ನಿಜವಾಗಿ ಅಳು ಬರುತ್ತಿತ್ತು.

ಹೀಗೆ ಓದುತ್ತಿದ್ದಾಗ ಒಂದು ಭಾನುವಾರ ಕೆಂಚಕ್ಕ ಬಾಗಿಲಲ್ಲಿ ಬಂದು ನಿಂತಳು. ಅಜ್ಜಪ್ಪನ ಮನೆತನದ ಚಿತ್ತಯ್ಯನ ಹೆಂಡತಿ, ನಿನಗೆ ಗೊತ್ತಲ್ಲ, ಚಿಕ್ಕಂದಿನಲ್ಲಿ ನಿನಗೆ ಕುರಿಹಾಲು ಕುಡಿಸಿ ವಾಂತಿ ಮಾಡಿಸಿದವಳು. ಕುರಿಗಳನ್ನು ಕಾಂಪೌಂಡಿನ ಹುಲ್ಲಿಗೆ ಬಿಟ್ಟು, ಕೋಲು ಗೋಡೆಗೆ ಆನಿಸಿ, ‘ಏನ್ ಟೀಚ್ರಮ್ಮ, ಒಬ್ರೇ ಮಾತಾಡ್ಕಂತ ಕುಂತೀರಲ್ಲ, ತಲೆ ನೆಟ್ಟಗೈತಾ? ಒಂದ್ ಮಾತಾಡ್ತೀರಿ, ಸುಮ್ಕಾಗ್ತೀರಿ, ಆಮ್ಯಾಲೆ ನೀವೇ ಜವಾಬು ಹೇಳ್ಕಂತೀರಿ’ ಎಂದಳು. ಇನ್ನೊಬ್ಬರು ಓದಬೇಕಾದ್ದನ್ನು ನಾನೇ ಓದಿಕೊಳ್ಳುತ್ತಿದ್ದೇನೆ ಎಂದೆ. ‘ಕೇಳೋರಿಲ್ದೆ ಹೇಳಾದೆಂಗೆ? ತಡೀರಿ, ನಾನು ಹೂಂ ಅಂತೀನಿ’ ಎಂದವಳೇ ಒಳಗೆ ಬಂದು, ಸುತ್ತ ನೋಡಿ, ನೆಟ್ಟಗೆ ಹೋಗಿ ಆ ಮುಂದಿನ ಕಂಬಳಿಯ ಮೇಲೆ ಕೂತಳು. ಎಬ್ಬಿಸಿ ಎಲ್ಲಿ ಕೂರಿಸಲಿ? ಅದು ಅವಳ ಮನೆಯದೇ ಕಂಬಳಿ. ನಾನು ಸಾಲು ಹೇಳಿದೆ, ಅವಳು ‘ಹೂಂ’ ಎಂದಳು. ಕಥೆ ಕೇಳುವ ಮಕ್ಕಳ ಹಾಗೆ ಕೀರ್ತನೆ ಮುಗಿಯುವವರೆಗೂ ಹೂಂಗುಟ್ಟಿದಳು. ಅಂದು ಮನೆಗೆ ಬಂದು ಎಷ್ಟೋ ದಿನದ ಮೇಲೆ ನಾನು ಹೊಟ್ಟೆ ತುಂಬ ಉಂಡೆ. ಆಮೇಲೆ ಅವಳು ಭಾನುವಾರ ತಪ್ಪಿಸಲಿಲ್ಲ.

ಈ ತಿಂಗಳ ಮೊದಲ ಭಾನುವಾರ ಹೊಸ ಅಯ್ಯನವರು ಮೊದಲ ಸಲ ಬಂದರು. ಒಬ್ಬಳೇ ಮುದುಕಿ ಇದ್ದಾಳೆ ಎಂದು ಕೇಳಿ ಬಂದವರಿಗೆ ಇಬ್ಬರು ಕಂಡರು. ಮುಖ ಅರಳಿತು. ‘ನಿಮ್ಮ ಹೆಸರೇನಮ್ಮ?’ ಎಂದರು, ‘ಕೆಂಚಕ್ಕ ಸ್ವಾಮಿ’ ಎಂದಳು. ನಮ್ಮ ಸಭೆಯಲ್ಲಿ ಮಾರಪ್ಪ, ಕೆಂಚಮ್ಮ ಎಂದೆಲ್ಲ ಹೆಸರಿರುವುದು ಅವರಿಗೆ ಆಗಲೇ ಗೊತ್ತಿತ್ತು, ಇನ್ನೇನೂ ಕೇಳಲಿಲ್ಲ. ಬ್ಯಾಗಿನಿಂದ ತಟ್ಟೆ ತೆಗೆದರು, ಲೋಟಗಳನ್ನು ಇಟ್ಟರು, ರೊಟ್ಟಿ ಮುರಿದರು. ಇವಳು ದೀಕ್ಷೆಯಾದವಳಲ್ಲ ಎಂದು ನಾನು ಎದ್ದು ಹೇಳಬೇಕಿತ್ತು. ಹಸಿದು ಪಂಕ್ತಿಯಲ್ಲಿ ಕೂತವಳು, ಪಕ್ಕದವಳನ್ನು ಎಬ್ಬಿಸಿ ಎಂದು ಬಡಿಸುವವರಿಗೆ ಹೇಳುತ್ತಾಳೆಯೇ? ಕೆಂಚಕ್ಕ ಎರಡೂ ಕೈ ಜೋಡಿಸಿ ಒಡ್ಡಿ, ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು, ಅರ್ಧ ಬಾಯಿಗೆ ಹಾಕಿ ಅರ್ಧ ಸೆರಗಿಗೆ ಕಟ್ಟಿದಳು. ಅದು ಯಾರಿಗಮ್ಮ ಎಂದರು ಅಯ್ಯನವರು. ‘ನಮ್ಮನ್ಯಾಗೆ ಯಜಮಾನ್ರು ಐದಾರೆ ಸ್ವಾಮಿ, ಕಾಲು ಬರಾಕಿಲ್ಲ, ಮಲಗೇ ಇರ್ತಾರೆ. ಅವ್ರಿಗೆ.’ ಅಯ್ಯನವರ ಕಣ್ಣಲ್ಲಿ ನೀರು ಬಂತು ಕಣೋ! ‘ಹಾಗಾದರೆ ಇನ್ನೊಬ್ಬ ಸಭಿಕರೂ ಇದ್ದಾರೆ! ಮುಂದಿನ ಸಲ ನಾನು ಅವರಿದ್ದಲ್ಲಿಗೇ ಬರುತ್ತೇನೆ’ ಎಂದರು. ಹೀಗೆ ಒಂದೇ ಬೆಳಿಗ್ಗೆ ತೊರೆಹಟ್ಟಿಯ ಸಭೆ ಮೂರು ಜನಕ್ಕೆ ಏರಿತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಕಂಬಳಿ ಮಡಚುತ್ತಾ ನಿಂತೆ.

ಮಾರನೆಯ ದಿನ ಕೆಂಚಕ್ಕನ ಮನೆಗೆ ಹೋಗಿ ಕೂತು, ಆ ರೊಟ್ಟಿ ದೀಕ್ಷೆಯಾದವರಿಗೆ ಮಾತ್ರ ಎಂದು ಹೇಗೋ ಹೇಳಿದೆ. ಅವಳು ಉಣ್ಣೆ ಹಿಂಜುವುದನ್ನು ನಿಲ್ಲಿಸಿದಳು. ‘ತಪ್ಪಾತೇನ್ರಿ? ಅವ್ರು ಕೊಟ್ರು, ನಾನು ಈಸ್ಕಂಡೆ. ಹಾಲುರಾಮೇಶ್ವರದ ಕೊಳದಾಗೆ ಗಂಗಮ್ಮ ತೇಲಿಸಿ ಕೊಟ್ಟ ಪ್ರಸಾದಾನ ಸೆರಗೊಡ್ಡಿ ಈಸ್ಕಂತೀವಿ, ಬ್ಯಾಡ ಅಂಬ್ತೀವಾ?’ ಎಂದಳು. ತಪ್ಪಿಲ್ಲ ಕೆಂಚಕ್ಕ, ನಿನ್ನದೇನೂ ತಪ್ಪಿಲ್ಲ ಎಂದೆ. ಆದರೂ ಮುಂದಿನ ಭಾನುವಾರ ಅವಳು ಒಳಗೆ ಬರಲಿಲ್ಲ, ಹೊಸಿಲ ಹೊರಗೆ ಕುರಿಗಳ ಜೊತೆ ಕೂತು ಅಲ್ಲಿಂದಲೇ ಹೂಂಗುಟ್ಟಿದಳು. ನಿನ್ನೆಯೂ ಹಾಗೇ. ನಾನು ಬಾ ಎಂದರೂ ಬರುವುದಿಲ್ಲ. ಅವಳ ಮನೆಯವರು ತಮ್ಮ ಕುರಿಗಳನ್ನು ಹೊರಗಟ್ಟಿ ನಮ್ಮನ್ನು ಒಳಗೆ ಕೂರಿಸಿದರು, ಈಗ ಅವಳು ಹೊರಗೆ ಕೂತಿದ್ದಾಳೆ. ಇದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಈಗ ನನ್ನ ಪೇಚಾಟ ಕೇಳು. ಡಿಸೆಂಬರಿನ ಮೊದಲ ಭಾನುವಾರ ನಮ್ಮ ಸುಗ್ಗಿ ಸ್ತೋತ್ರದ ಹಬ್ಬ. ಅಂದು ಅಯ್ಯನವರ ಜೊತೆ ಮೇಲಿನ ಹಿರಿಯರು ಬರುತ್ತಾರೆ. ಜನರೇ ಇಲ್ಲದ ಚರ್ಚುಗಳಿಗೆ ಬೀಗ ಹಾಕಿ, ಗಂಟೆ ಮತ್ತು ಸಾಮಾನುಗಳನ್ನು ಹೊಸದುರ್ಗಕ್ಕೆ ಸಾಗಿಸುವ ವಿಚಾರ ನಡೆದಿದೆ. ತೊರೆಹಟ್ಟಿಗೆ ಬೀಗ ಬೇಡ, ಅಲ್ಲಿ ಮೂವರು ಸಭಿಕರಿದ್ದಾರೆ ಎಂದು ಆ ಹುಡುಗ ಎಲ್ಲರೆದುರು ವಾದಿಸಿ ಬಂದಿದ್ದಾರಂತೆ. ನಾನು ಸುಮ್ಮನಿದ್ದರೆ ಚರ್ಚು ಉಳಿಯುತ್ತದೆ. ಆದರೆ ಆ ಹಿರಿಯರು ಯಾವ ಊರು, ಯಾರ ಮಗಳು, ಯಾವಾಗ ದೀಕ್ಷೆ ಎಂದು ಕೇಳುವವರೇ. ಎಲ್ಲರ ಮುಂದೆ ಕೆಂಚಕ್ಕ ತಲೆ ತಗ್ಗಿಸಬೇಕಾಗುತ್ತದೆ. ನಾನು ನಿಜ ಹೇಳಿದರೆ ಬೀಗ. ಬೀಗ ಬಿದ್ದ ಮೇಲೆ ಭಾನುವಾರ ಬೆಳಿಗ್ಗೆ ನಾನು ಎಲ್ಲಿಗೆ ಹೋಗಲಿ? ಹೊಸದುರ್ಗದ ಚರ್ಚಿಗೆ ಹೋಗಬಹುದು, ಬಸ್ಸಿದೆ. ಅಲ್ಲಿ ನಾನು ಯಾರೋ ಒಬ್ಬ ಮುದುಕಿ. ಇಲ್ಲಿ ಅಪ್ಪನ ದನಿ ಇದೆ, ಅಮ್ಮ ತೊಳೆದ ನೆಲ ಇದೆ. ಏನು ಮಾಡಲೆಂದು ನಿನ್ನನ್ನು ಕೇಳುತ್ತಿಲ್ಲ, ನೀನು ಏನು ಹೇಳುತ್ತೀ ಎಂದು ಗೊತ್ತು. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಿತ್ತು, ಹೇಳಿಕೊಂಡೆ.

ನಿನ್ನ ಕಂಬಳಿಗೆ ಮಳೆಗಾಲದಲ್ಲಿ ನುಸಿ ಹತ್ತಿತ್ತು. ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿಟ್ಟು ಮಡಚಿದ್ದೇನೆ. ಒಂದು ಮೂಲೆ ಸ್ವಲ್ಪ ತೂತಾಗಿದೆ ಅಷ್ಟೆ. ಸುಚಿತ್ರಾಗೆ ನನ್ನ ಪ್ರೀತಿ ತಿಳಿಸು, ಅವಳು ಕಳಿಸಿದ ನಿಂಬೆ ಉಪ್ಪಿನಕಾಯಿ ಚೆನ್ನಾಗಿತ್ತು, ಉಪ್ಪು ಮಾತ್ರ ಕೈ ತಪ್ಪಿತ್ತು. ನಿಮ್ಮ ಮಂದಿರದವರಿಗೂ ದೇವರು ಒಳ್ಳೆಯದು ಮಾಡಲಿ, ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ನಿನ್ನ ಕೈಗೆ ತಂತಿ ಚುಚ್ಚದಿರಲಿ, ಸೊಂಟ ನೆಟ್ಟಗಿರಲಿ, ನಮ್ಮಪ್ಪ ನಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟು ಬೇಡುತ್ತಿದ್ದ ಸಮಾಧಾನ ನಿನ್ನ ಮನೆಯಲ್ಲಿ ಇರಲಿ.

ಇಂತಿ ನಿನ್ನ ಅಕ್ಕ,
ದಯಾಮಣಿ

ಮತ್ತೊಂದು ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಯ್ಯನವರ ಫೋನ್ ಬಂತು. ಇತಿಹಾಸದ ಕೊನೆಗೆ ಹಾಕಲು ಮೂವರು ಸಭಿಕರ ಪೂರ್ತಿ ಹೆಸರು ಬೇಕು ಎಂದರು. ಹೇಳಿಬಿಟ್ಟೆ ಕಣೋ. ಅವಳು ರೊಪ್ಪದವಳು, ನಮ್ಮವಳಲ್ಲ, ತಪ್ಪು ಅವಳದಲ್ಲ, ನಾನು ಬಾಯಿ ಬಿಡಲಿಲ್ಲ ಎಂದೆ. ಆಮೇಲೆ ‘ಅವರು ಕೂತಿದ್ದ ಆ ಮುಂದಿನ ಕಂಬಳಿ ಯಾರದು?’ ಎಂದರು. ಅದನ್ನೂ ಹೇಳಿದೆ. ‘ಹಾಗಾದರೆ ಹಬ್ಬದ ದಿನ ಅವರನ್ನು ಅಲ್ಲೇ ಕೂರಿಸಿ, ಅವರನ್ನು ಯಾರೂ ಏನೂ ಕೇಳದಂತೆ ನಾನು ನೋಡಿಕೊಳ್ಳುತ್ತೇನೆ. ಆದರೆ ರೊಟ್ಟಿ ಮುರಿಯಲು ಇಲ್ಲಿ ದೀಕ್ಷೆ ಹೊಂದಿದ ಇನ್ನೊಬ್ಬರು ಬೇಕು ಟೀಚರಮ್ಮ. ಇಲ್ಲದಿದ್ದರೆ ಅದೇ ಕೊನೆಯ ಆರಾಧನೆ’ ಎಂದರು. ಇಲ್ಲಿ ದೀಕ್ಷೆ ಹೊಂದಿದವರಲ್ಲಿ ನನ್ನ ಕೂಗಿಗೆ ಸಿಗುವವನು ನೀನೊಬ್ಬನೇ. ಆ ನೀರನ್ನು ನೀನು ಲೆಕ್ಕಕ್ಕೆ ಹಿಡಿಯದಿದ್ದರೂ ಅವರು ಹಿಡಿಯುತ್ತಾರಂತೆ. ವಾದಕ್ಕೆ ಕರೆಯುತ್ತಿಲ್ಲ, ನಿನ್ನ ಮಂದಿರ ಬಿಡು ಎನ್ನುತ್ತಿಲ್ಲ. ಚರ್ಚು ಉಳಿಯುತ್ತದೋ ಇಲ್ಲವೋ ಅದೂ ಇರಲಿ. ಅಂದು ನಾನು ಮೊದಲ ಸಾಲು ಹೇಳಿ ನಿಲ್ಲಿಸುತ್ತೇನೆ, ಕನ್ನಡಕ ಹಾಕಿಕೊಳ್ಳುವುದಿಲ್ಲ. ಕೆಂಚಕ್ಕ ಹೂಂ ಅನ್ನುತ್ತಾಳೆ. ಎರಡನೇ ಸಾಲು ಅವಳಿಗೆ ಬರುವುದಿಲ್ಲ, ನನಗೂ ಬಾಯಿಪಾಠವಿಲ್ಲ. ಅದು ನಿನಗೆ ಬರುತ್ತದೆ, ಬಾರೋ.